ಅಡಿಕೆ ರಾಶಿಯೂ ಮೂರು ಸಾಫ್ಟ್‌ವೇರೂ: ಶಿರಸಿಯಲ್ಲಿ ಕಳೆದ ಎಂಟು ತಿಂಗಳು

ಕಳೆದ ಶನಿವಾರ ಸಂಜೆ ಆರೂಕಾಲಿಗೆ ನಮ್ಮ ಅಡಿಕೆ ಮಾರಾಟ ಸಂಘದ ಕಚೇರಿಗೆ ಬೀಗ ಬಿತ್ತು. ಇದರಲ್ಲೇನು ವಿಶೇಷ ಅನ್ನಬೇಡಿ. ವ್ಯಾಪಾರಿಗಳು ದರ ಹೇಳಿ ಅಡಿಕೆ ಕೊಳ್ಳುವ ಟೆಂಡರ್ ಇರುವ ದಿನ ರಾತ್ರಿ ಎಂಟೂವರೆಗೆ ಮೊದಲು ಆ ಬೀಗ ಬಿದ್ದದ್ದನ್ನು ಹೋದ ವರ್ಷವಿಡೀ ನಾನು ಕಂಡಿರಲಿಲ್ಲ. ಒಂದೇ ಲೆಕ್ಕವನ್ನು ಮೂರು ಕಂಪ್ಯೂಟರಿಗೆ ಮೂರು ಸಲ ಟೈಪ್ ಮಾಡುವ ಕೆಲಸ ಈಗ ನಿಂತಿದೆ. ಅದನ್ನು ನಿಲ್ಲಿಸಲು 2023ರ ನವೆಂಬರಿನಿಂದ 2024ರ ಜೂನ್‌ವರೆಗೆ ಎಂಟು ತಿಂಗಳು, 73,900 ರೂಪಾಯಿ, ಲೆಕ್ಕವಿಲ್ಲದಷ್ಟು ಚಹಾ ಮತ್ತು ನನ್ನ ಹೆಚ್ಚಿನ ಭಾನುವಾರಗಳು ಖರ್ಚಾದವು. ಸಿದ್ದಾಪುರ, ಯಲ್ಲಾಪುರ ಕಡೆಯ ಇಬ್ಬರು ಆಗಲೇ ಫೋನ್ ಮಾಡಿ "ನಮಗೂ ಹೀಗೇ ಮಾಡಬೇಕು, ಎಲ್ಲಿಂದ ಶುರು ಮಾಡೋದು?" ಎಂದು ಕೇಳಿದ್ದಾರೆ. ಫೋನಿನಲ್ಲಿ ಹೇಳಿ ಮುಗಿಯುವ ಕತೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಇದ್ದದ್ದು ಮೂರು ವ್ಯವಸ್ಥೆ. ಮೊದಲನೆಯದು ಅಂಗಳದ್ದು: ರೈತರು ತಂದ ಅಡಿಕೆಯ ತೂಕ, ಲಾಟ್ ನಂಬರ್, ಟೆಂಡರ್ ದರ, ರೈತರಿಗೆ ಕೊಡುವ ಪಟ್ಟಿ. ಇದು ಇಪ್ಪತ್ತು ವರ್ಷ ಹಿಂದೆ ಒಬ್ಬರು ವಿಶುವಲ್ ಫಾಕ್ಸ್‌ಪ್ರೋ ಎಂಬ ಮೈಕ್ರೋಸಾಫ್ಟ್‌ನ ಹಳೆಯ ಸಾಧನದಲ್ಲಿ ಬರೆದುಕೊಟ್ಟದ್ದು. ಎರಡನೆಯದು ಗೋದಾಮಿನದು, ಇಂಟರ್ನೆಟ್ಟಿನಲ್ಲಿ ನಡೆಯುತ್ತದೆ, ವರ್ಷಕ್ಕಿಷ್ಟು ಎಂದು ಬಾಡಿಗೆ. ದರ ಏರಲೆಂದು ಕಾಯುವ ರೈತರ ಮಾಲು ಅಲ್ಲಿ ದಾಸ್ತಾನಿರುತ್ತದೆ. ಮೂರನೆಯದು ಟ್ಯಾಲಿ, ಖಾತೆ-ಬಿಲ್ಲುಗಳ ಲೆಕ್ಕ ಇಡುವ ಸಾಫ್ಟ್‌ವೇರ್. ಈ ಮೂವರೂ ಒಂದೇ ಕಟ್ಟಡದಲ್ಲಿದ್ದರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ನಡುವೆ ಓಡಾಡುತ್ತಿದ್ದವರು ಲೆಕ್ಕ ಬರೆಯುವ ಭಟ್ಟರು ಮತ್ತು ಇಬ್ಬರು ಹುಡುಗಿಯರು, ಕೈಯಲ್ಲಿ ಪ್ರಿಂಟ್ ಹಿಡಿದುಕೊಂಡು.

ಹೇಗೋ ನಡೆಯುತ್ತಿತ್ತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೂ ಜಿಎಸ್‌ಟಿ ಇ-ಇನ್ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್ಲಿನಲ್ಲಿ ನೋಂದಾಯಿಸುವುದು, ಕಡ್ಡಾಯವಾಯಿತು. ಖರೀದಿದಾರರಿಗೆ ಬಿಲ್ ಸಂಘದ ಹೆಸರಿನಲ್ಲೇ ಹೋಗುವುದರಿಂದ ನಾವೂ ಅದರೊಳಗೆ ಬಂದೆವು. ಆಮೇಲೆ ಟೈಪಿಂಗ್ ತಪ್ಪು ಎಂದರೆ ಬರೀ ತಪ್ಪಲ್ಲ, ಸರ್ಕಾರದ ಪೋರ್ಟಲ್ಲಿನಲ್ಲಿ 64 ಅಕ್ಷರದ ನೋಂದಣಿ ಸಂಖ್ಯೆ ಪಡೆದು ಕೂತ ತಪ್ಪು. ಅಕ್ಟೋಬರಿನಲ್ಲಿ 18.60 ಕ್ವಿಂಟಲ್ ಇದ್ದದ್ದು 81.60 ಆಗಿ ಹೊರರಾಜ್ಯದ ವ್ಯಾಪಾರಿಯೊಬ್ಬರಿಗೆ ಹೋಯಿತು. ಇ-ಇನ್ವಾಯ್ಸ್ ರದ್ದು ಮಾಡಲು ಇರುವುದು 24 ತಾಸು. ನಮ್ಮ ಗಮನಕ್ಕೆ ಬಂದದ್ದು ಮೂರನೇ ದಿನ. ಬಿಲ್ ಮೊತ್ತ ತಗ್ಗಿಸುವ ಕ್ರೆಡಿಟ್ ನೋಟ್ ಹಾಕಿ ಸರಿಮಾಡಿದರೂ ಆ ವ್ಯಾಪಾರಿ ಎರಡು ವಾರ ಹಣ ತಡೆದಿಟ್ಟರು. ಆ ವಾರವೇ ಕಾರ್ಯದರ್ಶಿಗಳು ನಮ್ಮನೆಗೆ ಬಂದು, ಅಪ್ಪನ ಹತ್ತಿರ ಮಳೆ-ಬೆಳೆ ಮಾತಾಡಿ, ಕೊನೆಗೆ ನನ್ನ ಕಡೆ ತಿರುಗಿದರು: "ತಮಾ, ನೀ ಕಂಪ್ಯೂಟರ್ ಓದಿದವ, ಮನೆಯಲ್ಲೇ ಕೂತು ಬೆಂಗಳೂರು ಕೆಲಸ ಮಾಡವ. ಇದೊಂಚೂರು ನೋಡಿ ಕೊಡ್ತ್ಯ?"

ಒಂದು ತಿಂಗಳ ಕೆಲಸ ಅಂದುಕೊಂಡೆ. ಮುಜುಗರವಾದರೂ ಇದನ್ನು ಹೇಳಿಬಿಡಬೇಕು.

ನವೆಂಬರ್ ಪೂರ್ತಿ ಬರೀ ಕೇಳುವುದರಲ್ಲೇ ಹೋಯಿತು. ಹೊರಗಿನ ಒಂದು ಕಂಪನಿ, ಮೂರನ್ನೂ ಕಿತ್ತು ತಮ್ಮದೊಂದನ್ನೇ ಹಾಕುತ್ತೇವೆ ಎಂದು 6 ಲಕ್ಷದ ಕೊಟೇಶನ್ ಕಳಿಸಿತು. ಆಡಳಿತ ಮಂಡಳಿ ಅದನ್ನು ಓದಿ ಮಡಚಿಟ್ಟಿತು. ಗೋದಾಮಿನ ಸಾಫ್ಟ್‌ವೇರಿನವರು ಹೊರಗಿನಿಂದ ದತ್ತಾಂಶ ಓದಲು ಬಿಡುತ್ತೇವೆ, ಅದಕ್ಕೆ ವರ್ಷಕ್ಕೆ 18,000 ಬೇರೆ ಎಂದರು. ನಮ್ಮ ಮಾಲಿನ ಲೆಕ್ಕ ನಾವೇ ಓದಲು ದುಡ್ಡೇ ಎಂದು ಅಧ್ಯಕ್ಷರಿಗೆ ಸಿಟ್ಟು ಬಂತು. ನನಗೂ ಬಂತು. ಆದರೆ ಕರಾರು ಪತ್ರ ತೆಗೆದು ನೋಡಿದರೆ ದತ್ತಾಂಶ ಯಾರದ್ದು, ಯಾವ ರೂಪದಲ್ಲಿ ವಾಪಸು ಕೊಡಬೇಕು ಎಂಬ ಒಂದು ಸಾಲೂ ಇರಲಿಲ್ಲ, ಸಹಿ ಮಾತ್ರ ನಮ್ಮದಿತ್ತು. ಯಾವ ಸಾಫ್ಟ್‌ವೇರನ್ನಾದರೂ ಬಾಡಿಗೆಗೆ ಕೊಳ್ಳುವವರು ಆ ಸಾಲನ್ನು ಮೊದಲೇ ಬರೆಸಿಕೊಳ್ಳಿ. ಫಾಕ್ಸ್‌ಪ್ರೋ ಬರೆದವರು ಊರು ಬಿಟ್ಟು ಹತ್ತು ವರ್ಷವಾಗಿತ್ತು. ಮೈಕ್ರೋಸಾಫ್ಟ್ ಕೂಡ 2015ರಲ್ಲೇ ಅದಕ್ಕೆ ಕೈ ಬಿಟ್ಟಿದೆ. ಮೂಲ ಪ್ರೋಗ್ರಾಂ ನಮ್ಮಲ್ಲಿರಲಿಲ್ಲ. ಒಂದೇ ಸಮಾಧಾನವೆಂದರೆ ಅದು ಲೆಕ್ಕ ಇಟ್ಟುಕೊಳ್ಳುವ ಡಿಬಿಎಫ್ ಫೈಲುಗಳನ್ನು ಯಾರು ಬೇಕಾದರೂ ತೆರೆದು ಓದಬಹುದು. ತೆರೆದೆ. ಅದರಲ್ಲಿ ಕಾಲಂ ಹೆಸರು ಹತ್ತು ಅಕ್ಷರ ಮೀರುವಂತಿಲ್ಲ, ಹಾಗಾಗಿ 'ಟಿಕೆಡಬ್ಲ್ಯೂಟಿ1', 'ಟಿಕೆಡಬ್ಲ್ಯೂಟಿ2', 'ಟಿಕೆಡಬ್ಲ್ಯೂಟಿಎನ್' ಎಂಬ ಮೂರು ತೂಕಗಳು ನನ್ನನ್ನು ನೋಡುತ್ತ ಕೂತಿದ್ದವು. ಯಾವುದು ಯಾವ ತೂಕ ಎಂದು ಭಟ್ಟರನ್ನು ಕೇಳಿದೆ. ಅವರು ಕನ್ನಡಕ ಏರಿಸಿ, "ಮೊದಲನೇದು ಚೀಲ ಸಮೇತ, ಎರಡನೇದು ಚೀಲ ಕಳೆದದ್ದು. ಕೊನೇದು ಎಂತಕ್ಕೋ ಹಾಕ್ಸಿದ್ದು, ನೆನಪಿಲ್ಲೆ" ಅಂದರು.

ಅಲ್ಲಿಗೆ ಕಂಪ್ಯೂಟರ್ ಮುಚ್ಚಿಟ್ಟು ನೋಟ್‌ಬುಕ್ ತೆಗೆದೆ. ಎಂಟು ತಿಂಗಳಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬಹುದು. ಒಂದು ಪುಟಕ್ಕೆ ಒಂದು ಶಬ್ದ: ತೂಕ, ದಿನಾಂಕ, ಲಾಟ್, ರೈತ, ದರ, ಬಾಬು (ಅಡಿಕೆಯ ಬಗೆ). ಪ್ರತಿ ಶಬ್ದಕ್ಕೂ ಅಂಗಳದವರು, ಗೋದಾಮಿನವರು, ಲೆಕ್ಕದವರು ಏನನ್ನುತ್ತಾರೆ ಎಂದು ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ. ಒಟ್ಟಿಗೆ ಕೂರಿಸಿದರೆ ದೊಡ್ಡ ದನಿಯವರ ಅರ್ಥವೇ ಎಲ್ಲರದ್ದೂ ಆಗಿಬಿಡುತ್ತದೆ. ತೂಕಕ್ಕೆ ನಾಲ್ಕು ಅರ್ಥ ಸಿಕ್ಕಿದವು. ಅಂಗಳದಲ್ಲಿ ಚೀಲ ಸಮೇತ, ಪಟ್ಟಿಯಲ್ಲಿ ಚೀಲ ಕಳೆದು, ಗೋದಾಮಿನಲ್ಲಿ ಒಳಗಿಟ್ಟ ದಿನದ್ದು, ಲಾರಿಗೆ ಹೇರುವಾಗ ಒಣಗಿ ಇಳಿದದ್ದು. ದಿನಾಂಕಕ್ಕೆ ಮೂರು: ತೂಗಿದ ದಿನ, ಟೆಂಡರ್ ದಿನ, ಬಿಲ್ ದಿನ. ಪುಣ್ಯಕ್ಕೆ ದರಕ್ಕೆ ಎಲ್ಲರದ್ದೂ ಒಂದೇ ಅರ್ಥ.

ಡಿಸೆಂಬರಿನಲ್ಲಿ ಮೊದಲ ಸಲ ಅಂಗಳದ ಫೈಲನ್ನೂ ಗೋದಾಮಿನ ಫೈಲನ್ನೂ ಒಟ್ಟಿಗೆ ಓದಿಸಿ ಒಂದು ದಾಸ್ತಾನು ವರದಿ ತೆಗೆದೆ. ಹೆಮ್ಮೆಯಿಂದ ಕಾರ್ಯದರ್ಶಿಗಳ ಕೈಗೆ ಕೊಟ್ಟೆ. ಅವರು ನೋಡಿ ನಕ್ಕರು. "ಇಷ್ಟು ರಾಶಿ ನಮ್ಮ ಗೋದಾಮಲ್ಲಿದ್ದರೆ ಸಿದ್ದಾಪುರದ ರಾಶಿಯೂ ಇಲ್ಲಿಗೇ ಬಂದ ಹಾಂಗೆ ಆತು!" ಎಲ್ಲಿ ತಪ್ಪಿತು ಎಂದು ಹುಡುಕಲು ಎರಡು ರಾತ್ರಿ ಬೇಕಾಯಿತು. ಅಂಗಳದ ಸಾಫ್ಟ್‌ವೇರಿನಲ್ಲಿ 'ರಾಶಿ' ಎಂದರೆ ಬಾಬು: ಬೇಯಿಸಿ ಒಣಗಿಸಿದ ಕೆಂಪಡಿಕೆ. ಗೋದಾಮಿನ ಸಾಫ್ಟ್‌ವೇರಿನಲ್ಲಿ 'ರಾಶಿ' ಎಂದರೆ ಗುಡ್ಡೆ, ಒಂದು ಕಡೆ ಪೇರಿಸಿಟ್ಟ ಚೀಲಗಳ ಒಟ್ಟು. ಅದನ್ನು ಬರೆದವರು ಬಯಲುಸೀಮೆಯವರು, ಜೋಳ-ಕಡಲೆ ಗೋದಾಮುಗಳಿಗೆ ಮಾಡಿದ್ದು, ಅವರ ಊರಿನಲ್ಲಿ ಅದೇ ಸರಿಯಾದ ಮಾತು. ನನ್ನ ಪ್ರೋಗ್ರಾಂ ಎರಡು ಕಾಲಂಗಳ ಹೆಸರು ಒಂದೇ ಎಂದು ನೋಡಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂಬ ಬೇರೆ ಬಾಬುಗಳೆಲ್ಲವನ್ನೂ ಎಳೆದು ತಂದು ರಾಶಿಗೆ ಸುರಿದಿತ್ತು. ಒಂದೂ ದೋಷ ಸಂದೇಶ ಬರಲಿಲ್ಲ. ಎಲ್ಲ ಹಸಿರು ಟಿಕ್.

ನಾನು ಹನ್ನೆರಡು ವರ್ಷದಿಂದ ಇದೇ ವೃತ್ತಿಯಲ್ಲಿದ್ದೇನೆ. ಎರಡು ವ್ಯವಸ್ಥೆಗಳ ನಡುವೆ ತಂತಿ ಎಳೆಯುವುದು ಕಷ್ಟವಲ್ಲ, ಇವನ ಮಾತಿಗೂ ಅವನ ಮಾತಿಗೂ ಅರ್ಥ ಒಂದೇ ಇದೆಯೇ ಎಂದು ನೋಡುವುದೇ ಕಷ್ಟ ಎಂದು ಹೊಸಬರಿಗೆ ಹೇಳುತ್ತಲೂ ಇದ್ದೆ. ಆದರೂ ನನ್ನೂರಿನ ಶಬ್ದದಲ್ಲೇ ಬಿದ್ದೆ, ಏಕೆಂದರೆ ಅದರ ಅರ್ಥ ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ. ದೊಡ್ಡ ಕಂಪನಿಗಳಿಗೆ ಇದಕ್ಕೆಂದೇ ಜಾಗತಿಕ ಮಾನಕಗಳಿವೆ. 1987ರಲ್ಲಿ ಬಂದ ಎಡಿಫ್ಯಾಕ್ಟ್, ಆಮೇಲೆ ಯುಬಿಎಲ್, ಅದಕ್ಕೆ 2015ರಲ್ಲಿ ಐಎಸ್‌ಒ ಮುದ್ರೆಯೂ ಬಿತ್ತು. ಬಿಲ್ ಎಂದರೇನು, ಖರೀದಿದಾರ ಎಂದರೇನು, ಯಾವ ಅಳತೆಗೆ ಯಾವ ಸಂಕೇತ ಎಂದೆಲ್ಲ ಅವುಗಳಲ್ಲಿ ಇದೆ. ಅಲ್ಲೂ ಜಗಳ ತಪ್ಪಿದ್ದಲ್ಲ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕಿಲೋಗೆ 'ಕೆಜಿಎಂ', ನಮ್ಮ ಜಿಎಸ್‌ಟಿಯಲ್ಲಿ 'ಕೆಜಿಎಸ್'. ರಾಶಿ, ಚಾಲಿಗಳ ಸುದ್ದಿ ಎರಡರಲ್ಲೂ ಇಲ್ಲ. ಜಿಎಸ್‌ಟಿ ಕಣ್ಣಿಗಂತೂ ನಮ್ಮ ಅಷ್ಟೂ ಬಾಬು ಸೇರಿ ಒಂದೇ ಎಚ್‌ಎಸ್‌ಎನ್ (ಸರಕಿನ ವರ್ಗ ಹೇಳುವ) ಸಂಖ್ಯೆ, 080280.

ಈ ಸಂಖ್ಯೆ ಬಂತೆಂದು ಇಲ್ಲೇ ಹೇಳಿಬಿಡುತ್ತೇನೆ: ಯಾವ ಫೈಲನ್ನೂ ನಡುವೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಅದು ಮುಂದಿನ ಸೊನ್ನೆಯನ್ನು ನುಂಗಿ 80280 ಮಾಡುತ್ತದೆ, ಪೋರ್ಟಲ್ ಅದನ್ನು ಒಪ್ಪುವುದಿಲ್ಲ, ನೀವು ಅರ್ಧ ದಿನ ಪೋರ್ಟಲ್ಲಿಗೆ ಬೈಯುತ್ತೀರಿ. ತೆರೆಯಲೇಬೇಕಿದ್ದರೆ ಆ ಕಾಲಂ ಅನ್ನು ಮೊದಲೇ 'ಟೆಕ್ಸ್ಟ್' ಮಾಡಿಕೊಳ್ಳಿ. ದಿನಾಂಕವೂ ಹಾಗೆಯೇ. ಗೋದಾಮಿನ ಫೈಲಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರುತ್ತಿತ್ತು. ತಾರೀಖು ಹನ್ನೆರಡು ದಾಟಿದ ಮೇಲೆ ಗಲಾಟೆ ಮಾಡುತ್ತದೆ, ಹನ್ನೆರಡರವರೆಗೆ ತೆಪ್ಪಗೆ ತಪ್ಪು ಸೇರಿಸುತ್ತದೆ. ನಡುವಿನ ಎಲ್ಲ ಫೈಲುಗಳಲ್ಲಿ ವರ್ಷ-ತಿಂಗಳು-ದಿನ ಎಂದೇ ಬರೆಸುವುದು ಎಂದು ತೀರ್ಮಾನಿಸಿ, ಕೊನೆಯ ಹೆಜ್ಜೆಯಲ್ಲಿ ಮಾತ್ರ ಆಯಾ ವ್ಯವಸ್ಥೆಗೆ ಬೇಕಾದಂತೆ ತಿರುಗಿಸಿದೆ.

ಬಾಬುಗಳ ಪಟ್ಟಿ ಒಪ್ಪಿಸಲು ಜನವರಿಯಲ್ಲಿ ಸಭೆ ಕರೆದೆವು. ಅರ್ಧ ತಾಸಿನದು ಎಂದು ಹೇಳಿ ಮೂರೂವರೆ ತಾಸು ನಡೆಯಿತು. ರಾಶಿ, ಬೆಟ್ಟೆ, ಗೋಟು ಎಲ್ಲ ಬೇಗ ಮುಗಿದವು. ಹೊಸ ಚಾಲಿ, ಹಳೆ ಚಾಲಿಯಲ್ಲಿ ಸಿಕ್ಕಿಕೊಂಡೆವು. ಇವೆರಡಕ್ಕೂ ದರ ಬೇರೆ, ಹಾಗಾಗಿ ಕೋಡ್ ಬೇರೆ ಬೇಕು. ಅದಿರಲಿ, ಹೊಸ ಚಾಲಿ ಯಾವ ತಾರೀಖಿನಿಂದ ಹಳೇದು?

"ಹೊಸ್ತು ಬಂದಮೇಲೆ ಹಳೇದು ಆಗ್ತು, ಅಷ್ಟೇಯ" ಎಂದರು ಒಬ್ಬ ಹಿರಿಯ ನಿರ್ದೇಶಕರು.

"ಹೊಸ್ತು ಯಾವಾಗ ಬತ್ತು?"

"ಬಂದಾಗ ಗೊತ್ತಾಗ್ತು."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕೊಯ್ಲು, ಬಿಸಿಲು, ಒಣಗಿಸುವುದು, ಸುಲಿಯುವುದು ಎಲ್ಲ ಆ ವರ್ಷದ ಹವೆಯ ಮೇಲೆ ಹೋಗುತ್ತದೆ. ಏಪ್ರಿಲ್ 1 ಎಂದು ಬರೆದುಬಿಡೋಣ ಎಂದ ನನ್ನ ಸೂಚನೆಗೆ ಸಿಕ್ಕ ನೋಟವನ್ನು ಮರೆಯಲಾರೆ. ಕೊನೆಗೆ ಗೋದಾಮಿನ ಚೀಲದ ಮೇಲೆ ಬೆಳೆ ವರ್ಷವನ್ನು ಬರೆದಿಡುವುದು, 'ಹೊಸ', 'ಹಳೆ' ಎಂಬುದನ್ನು ಕೋಡಿನೊಳಗೆ ಸೇರಿಸದೆ ಬೇರೊಂದು ಕೋಷ್ಟಕದಲ್ಲಿಡುವುದು, ಪ್ರತಿ ವರ್ಷ ಆಡಳಿತ ಮಂಡಳಿ ಒಂದು ತಾರೀಖು ಬರೆದರೆ ಅಂದಿನಿಂದ ಮೂರೂ ವ್ಯವಸ್ಥೆಯಲ್ಲಿ ಒಟ್ಟಿಗೆ ಬದಲಾಗುವುದು ಎಂದು ಠರಾವಾಯಿತು. ನೀವು ಯಾವ ವ್ಯಾಪಾರದವರಾದರೂ, ಕಾಲದ ಜೊತೆ ಬದಲಾಗುವ ಗುಣವನ್ನು ಕೋಡಿನಲ್ಲಿ ಕಟ್ಟಿಹಾಕಬೇಡಿ.

ಹೆಸರುಗಳ ಕತೆ ಇದಕ್ಕಿಂತ ಉದ್ದ. ಸದಸ್ಯರು 2,140, ಟ್ಯಾಲಿಯಲ್ಲಿ ರೈತರ ಖಾತೆ 2,611. ಹೆಚ್ಚಿನ 471 ಜನ ಎಲ್ಲಿಂದ ಬಂದರು? ಹೆಗಡೆಯನ್ನು ಇಂಗ್ಲಿಷಿನಲ್ಲಿ ಎರಡು ಥರ, ಭಟ್ಟರನ್ನು ಮೂರು ಥರ, ನಾಯ್ಕರನ್ನು ನಾಲ್ಕು ಥರ ಬರೆದದ್ದರಿಂದ. ಊರುಗಳೂ ಅಷ್ಟೇ: ಸೋಂದಾ, ಸೋದೆ, ಸ್ವಾದಿ ಎಂದು ಒಂದೇ ಊರಿಗೆ ಮೂರು ಹೆಸರು, ಮೂರೂ ಸರಿ. ಅಂಗಳದ ಕಡತದಲ್ಲಿ ಹೆಸರು ಕನ್ನಡದಲ್ಲೇ ಇತ್ತು, ಆದರೆ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಆ ಫಾಂಟಿನಲ್ಲಿ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಚಿಹ್ನೆಗಳು. ಯೂನಿಕೋಡಿಗೆ ತಿರುಗಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ, ಆದರೆ ಅರ್ಕಾವತ್ತನ್ನು ಪರೀಕ್ಷಿಸದೆ ನಂಬಬೇಡಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಆಮೇಲೆ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ನಾನು ಮೊದಲು ಬಳಸಿದ ಸಾಧನ ಕೆಲವು ಒತ್ತಕ್ಷರಗಳಲ್ಲಿ ಅದನ್ನು ಬಿಟ್ಟೇಬಿಟ್ಟಿತು. ಪರದೆಯ ಮೇಲೆ ಒಂದೇ ಥರ ಕಾಣುವ ಎರಡು ಹೆಸರು ಕಂಪ್ಯೂಟರಿಗೆ ಬೇರೆ ಬೇರೆಯಾಗಿದ್ದುದೂ ಉಂಟು, ನಡುವೆ ಕಾಣದ ಜೋಡಕ ಚಿಹ್ನೆ ಕೂತಿರುತ್ತಿತ್ತು.

ಹೆಸರನ್ನು ಹೆಸರಿಗೆ ಹೊಂದಿಸುವ ಹಟ ಬಿಟ್ಟು ಸದಸ್ಯತ್ವ ಸಂಖ್ಯೆಯನ್ನೇ ಗುರುತು ಮಾಡಿಕೊಂಡೆವು. ಆಗ ಎದ್ದದ್ದು ಹಿಸೆಯಾದ ಮನೆಗಳ ಪ್ರಶ್ನೆ. ಅಪ್ಪ ತೀರಿಕೊಂಡಿದ್ದಾರೆ, ಮೂವರು ಮಕ್ಕಳು ಬೇರೆಯಾಗಿದ್ದಾರೆ, ಅಡಿಕೆ ಮಾತ್ರ ಇನ್ನೂ ಅಪ್ಪನ ಸಂಖ್ಯೆಯಲ್ಲೇ ಬರುತ್ತದೆ, ದುಡ್ಡು ಹಂಚುವುದು ಮನೆಯಲ್ಲಿ. ರಜೆಯಲ್ಲಿದ್ದ ಇಬ್ಬರು ಕಾಲೇಜು ಹುಡುಗರನ್ನು ದಿನಕ್ಕೆ 600ರಂತೆ ಹಚ್ಚಿ ಖಾತೆ ಪರಿಶೀಲಿಸಿದೆವು. ಇಬ್ಬರದ್ದೂ ಸೇರಿ 24 ದಿನದ ಕೂಲಿ, 14,400. ಹುಡುಗರು ಫೋನ್ ಮಾಡಿ ವಿಚಾರಿಸಿದ ಮೇಲೆ ಒಬ್ಬ ಹಿರಿಯರು ಬಸ್ಸು ಹಿಡಿದು ಕಚೇರಿಗೇ ಬಂದರು. "ಅಣ್ಣನ ಹೆಸರು ತೆಗೀತ್ರಡ, ಹೌದಾ?" ಎಂದು ಕೇಳಿದರು. ಅಣ್ಣ ಹೋಗಿ ಆರು ವರ್ಷ. ತೆಗೆಯುವುದಿಲ್ಲ, ಆ ಖಾತೆ ಮುಚ್ಚಿದ್ದು ಎಂದು ಗುರುತು ಹಾಕಿ ನಿಮ್ಮ ಹೊಸ ಸಂಖ್ಯೆಗೆ ಕೊಂಡಿ ಕೊಡುತ್ತೇವೆ, ಹಳೆಯ ಪಟ್ಟಿಗಳೆಲ್ಲ ಅವರ ಹೆಸರಿನಲ್ಲೇ ಇರುತ್ತವೆ ಎಂದು ಪರದೆ ತಿರುಗಿಸಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಚಹಾ ಬೇಡವೆಂದು ಹೇಳಿ, ಮುಂದಿನ ಬಸ್ಸಿಗೆ ಹೋದರು. ಯಾವ ದಾಖಲೆಯನ್ನೂ ಅಳಿಸದೆ 'ಮುಚ್ಚಿದ್ದು' ಎಂದು ಮಾಡುವ ನಿಯಮವನ್ನು ಲೆಕ್ಕಪರಿಶೋಧನೆಗೆ ಬೇಕೆಂದು ಮಾಡಿಕೊಂಡಿದ್ದೆ. ಅದಕ್ಕೆ ಇನ್ನೊಂದು ಉಪಯೋಗ ಇದೆಯೆಂದು ಅವತ್ತು ತಿಳಿಯಿತು.

ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಶಿರಸಿಯಲ್ಲಿ ಆ ದಿನಗಳಲ್ಲಿ ಯಾರಾದರೂ ಕೆಲಸದ ಮಾತೆತ್ತಿದರೆ ಅವರಿಗೇ ನಾಚಿಕೆ. ಯೋಜನೆ ಹಾಕುವಾಗ ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನೂ ಬಳೆಪೇಟೆ ಸುತ್ತಿ, ತೊಟ್ಟಿಲು ಹತ್ತಿ ಬಂದೆ.

ಜಾತ್ರೆ ಮುಗಿದ ಮೇಲೆ ಟ್ಯಾಲಿಯ ಸರದಿ. ಟ್ಯಾಲಿಪ್ರೈಮ್‌ನಿಂದಲೇ ಇ-ಇನ್ವಾಯ್ಸ್ ಕಳಿಸಬಹುದಾದ್ದರಿಂದ ಪೋರ್ಟಲ್ಲಿನ ಕೆಲಸವನ್ನು ಅದಕ್ಕೇ ಬಿಟ್ಟೆವು. ನಮ್ಮ ಹೊಣೆ ಅಂಗಳ ಮತ್ತು ಗೋದಾಮಿನ ಲೆಕ್ಕವನ್ನು ಎಕ್ಸ್‌ಎಂಎಲ್ ರೂಪದಲ್ಲಿ ಟ್ಯಾಲಿಗೆ ಒಪ್ಪಿಸುವುದು. ಮೊದಲು ಟ್ಯಾಲಿಯಲ್ಲಿರುವ ನಿಮ್ಮ ಲೆಕ್ಕದ (ಅದನ್ನು ಟ್ಯಾಲಿ 'ಕಂಪನಿ' ಎನ್ನುತ್ತದೆ) ಒಂದು ನಕಲು ಮಾಡಿಕೊಂಡು ಅದರಲ್ಲೇ ಪರೀಕ್ಷಿಸಿ ಎಂದು ಕೈಮುಗಿದು ಹೇಳುತ್ತೇನೆ. ಟ್ಯಾಲಿಯ ಎಕ್ಸ್‌ಎಂಎಲ್‌ನಲ್ಲಿ ಡೆಬಿಟ್ ಮೊತ್ತಕ್ಕೆ ಮೈನಸ್ ಚಿಹ್ನೆ. ನಾನು ಉಲ್ಟಾ ಹಾಕಿದ್ದೆ. ನಕಲು ಕಂಪನಿಯಲ್ಲಿ ವ್ಯಾಪಾರಿಗಳಿಗೆಲ್ಲ ನಾವೇ ಸಾಲಗಾರರಾಗಿ ಕೂತೆವು. ಖಾತೆಯ ಹೆಸರು ಅಲ್ಲಿರುವುದಕ್ಕೆ ತಾಳೆಯಾಗದಿದ್ದರೆ ವೋಚರ್ ಒಳಗೇ ಹೋಗುವುದಿಲ್ಲ, ಆದ್ದರಿಂದ ಖಾತೆಗಳು ಮೊದಲು, ವೋಚರುಗಳು ಆಮೇಲೆ. ಬಿಲ್ ಸಂಖ್ಯೆಯದೂ ಒಂದು ತೊಡಕು. ಜಿಎಸ್‌ಟಿ ನಿಯಮದಲ್ಲಿ ಅದು 16 ಅಕ್ಷರ ಮೀರುವಂತಿಲ್ಲ. ಸಂಘದ ಹೆಸರು, ವಿಭಾಗ, ವರ್ಷ ಎಲ್ಲ ಸೇರಿಸಿ ನಾನು ರಚಿಸಿದ ಚೆಂದದ ಸಂಖ್ಯೆ 19 ಆಗಿತ್ತು. ಕತ್ತರಿಸಿದೆ.

ಏಪ್ರಿಲ್ 1ರಿಂದ ಹೊಸ ದಾರಿ ಶುರು, ಆದರೆ ಎರಡು ತಿಂಗಳು ಹಳೆಯ ಟೈಪಿಂಗೂ ಜೊತೆಗೇ ನಡೆಯಬೇಕು ಎಂದು ಮಂಡಳಿ ಹೇಳಿತು. ಹುಡುಗಿಯರಿಗೆ ಕೆಲಸ ಕಡಿಮೆಯಾಗುವ ಬದಲು ಹೆಚ್ಚಾಯಿತು, ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದರು. ಆ ಎರಡು ತಿಂಗಳನ್ನು ಉಳಿಸಲು ಹೋಗಬೇಡಿ. ಏಪ್ರಿಲ್ ಎರಡನೇ ವಾರ ಭಟ್ಟರು ಒಂದು ಪ್ರಿಂಟ್ ಹಿಡಿದು ಬಂದು ಮೆಲ್ಲಗೆ, "ಕ್ವಿಂಟಲ್‌ಗೆ ಇಷ್ಟು ಕಡಿಮೆಗೆ ಚಾಲಿ ಎಲ್ಲಿ ಸಿಗ್ತು, ನಂಗೂ ಹತ್ತು ಚೀಲ ಬೇಕಿತ್ತು" ಎಂದರು. ಗೋದಾಮಿನಿಂದ ನೇರ ಮಾರಾಟವಾದ 12.40 ಕ್ವಿಂಟಲ್ ಮಾಲು 12.40 ಕಿಲೋ ಎಂದು ಹೋಗಿತ್ತು. ಅಂಕಿಯ ಜೊತೆ ಅಳತೆಯನ್ನೂ ಕಳಿಸದೆ ಬರೀ ಅಂಕಿ ಕಳಿಸಿದ್ದೆ. ಇ-ಇನ್ವಾಯ್ಸ್ ಇನ್ನೂ ಹೋಗಿರಲಿಲ್ಲ. ಈಗ ಪ್ರತಿ ತೂಕದ ಪಕ್ಕ ಅಳತೆಯ ಹೆಸರಿಲ್ಲದಿದ್ದರೆ ಸಾಲೇ ಮುಂದೆ ಹೋಗುವುದಿಲ್ಲ, ದರ ಅಂದಿನ ಟೆಂಡರ್ ದರಕ್ಕಿಂತ ತೀರಾ ದೂರವಿದ್ದರೂ ನಿಲ್ಲುತ್ತದೆ.

ಜೂನಿನಲ್ಲಿ ಮಳೆ ಹಿಡಿಯಿತು, ಮರ ಬಿತ್ತು, ಕರೆಂಟು ಹೋಯಿತು, ಇಂಟರ್ನೆಟ್ಟೂ ಹೋಯಿತು. ಬಂದಾಗ 17 ಬಿಲ್‌ಗಳು ಟ್ಯಾಲಿಯಲ್ಲಿ ಎರಡೆರಡು ಸಲ. ಕಳಿಸುವವನು, ಅಂದರೆ ನನ್ನ ಪ್ರೋಗ್ರಾಂ, ಕಳಿಸಿದ್ದ, ಟ್ಯಾಲಿ ಪಡೆದಿತ್ತು, 'ಬಂತು' ಎಂಬ ಉತ್ತರ ಮಾತ್ರ ದಾರಿಯಲ್ಲೇ ಉಳಿದು, ಇವನು ಮತ್ತೆ ಕಳಿಸಿದ್ದ. ನಮ್ಮ ಹಮಾಲರು ಚೀಲ ಎಣಿಸುವಾಗ ಪ್ರತಿ ಚೀಲಕ್ಕೆ ಸುಣ್ಣದ ಗೀಟು ಹಾಕುತ್ತಾರೆ, ಎರಡನೇ ಸಲ ಎಣಿಸಬಾರದೆಂದು. ಅದನ್ನೇ ಮಾಡಿದೆ: ಪ್ರತಿ ಬಿಲ್ಲಿಗೂ ಮಾಸದ ಒಂದು ಗುರುತು, ಕಳಿಸುವ ಮೊದಲು ಆ ಗುರುತು ಅಲ್ಲಿ ಆಗಲೇ ಇದೆಯೇ ಎಂಬ ವಿಚಾರಣೆ, ಉತ್ತರ ಬರುವವರೆಗೆ ಪ್ರತಿ ನಮ್ಮಲ್ಲೇ. ಇದಕ್ಕೆಂದು 32,000ದ ಸಣ್ಣ ಕಂಪ್ಯೂಟರ್, 9,500ರ ಬ್ಯಾಟರಿ. ಇವೆರಡು, ಗೋದಾಮಿನ ಸಾಫ್ಟ್‌ವೇರಿನವರಿಗೆ ಕೊಟ್ಟ ವರ್ಷದ 18,000, ಹುಡುಗರ ಕೂಲಿ ಸೇರಿದರೆ ಮೊದಲು ಹೇಳಿದ 73,900. ನನ್ನ ಕೂಲಿ ಎಂದು ಕಾರ್ಯದರ್ಶಿಗಳು ಒಂದು ಡಬ್ಬಿ ಜೇನುತುಪ್ಪ, ಎರಡು ಹಲಸಿನ ಹಪ್ಪಳದ ಕಟ್ಟು ಕಳಿಸಿದ್ದಾರೆ.

ಫಾಕ್ಸ್‌ಪ್ರೋದ ಆ ಮೂರನೇ ತೂಕ ಏನೆಂದು ಇವತ್ತಿಗೂ ಗೊತ್ತಾಗಿಲ್ಲ. ಯಾವ ಲೆಕ್ಕಕ್ಕೂ ಅದನ್ನು ಬಳಸುವುದಿಲ್ಲ, ತೆಗೆಯಲು ಧೈರ್ಯವೂ ಇಲ್ಲ. ಶಬ್ದಗಳ ನೋಟ್‌ಬುಕ್ ಈಗ ಭಟ್ಟರ ಮೇಜಿನ ಮೇಲಿದೆ, ಹೊಸ ಬಾಬು ಸೇರಿಸಬೇಕಿದ್ದರೆ ಮೊದಲು ಅದರಲ್ಲಿ ಬರೆದು ಮೂವರ ಸಹಿ ಆಗಬೇಕು. ಮೊನ್ನೆ ಹಾಗೇ ತಿರುವಿ ನೋಡಿದೆ. ಚಾಲಿಯ ಪುಟದಲ್ಲಿ 2025ರ ತಾರೀಖಿನ ಜಾಗ ಖಾಲಿಯಿತ್ತು. ಅದರೆದುರು ಭಟ್ಟರು ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದರು: 'ಮಳೆ ನೋಡಿ'.